ಎತ್ತಿಕೊಳ್ಳಬೇಕಾದ ದೇವರು

ಬೆತ್ಲೆಹೇಮಿನ ಬಯಲಲ್ಲಿ ರಾತ್ರಿ ಕುರಿ ಕಾಯುತ್ತಿದ್ದವರಿಗೆ ದೇವದೂತ ಒಂದು ಸುದ್ದಿ ತಂದ, ಜೊತೆಗೆ ಒಂದು ಗುರುತನ್ನೂ ಹೇಳಿದ ಎನ್ನುತ್ತದೆ ಸಂತ ಲೂಕನ ಶುಭಸಂದೇಶ. ಲೋಕೋದ್ಧಾರಕ ಹುಟ್ಟಿದ್ದಾನೆ ಎಂಬುದು ಸುದ್ದಿ. ಬಟ್ಟೆಯಲ್ಲಿ ಸುತ್ತಿ, ದನಕ್ಕೆ ಮೇವು ಹಾಕುವ ಗೋದಲಿಯಲ್ಲಿ ಮಲಗಿಸಿದ ಕೂಸು ಎಂಬುದು ಗುರುತು. ಹಿರಿಯರ ಬಾಯಲ್ಲಿ ಮೋಶೆಯ ಕಥೆ ಕೇಳಿ ಬೆಳೆದ ಆ ಕುರುಬರಿಗೆ ದೇವರ ಗುರುತು ಎಂಥದ್ದೆಂದು ಗೊತ್ತಿತ್ತು: ಉರಿದರೂ ಬೂದಿಯಾಗದ ಪೊದೆ, ಎರಡಾಗಿ ಸೀಳಿದ ಕಡಲು, ಹೊಗೆಯಾಡಿ ಗುಡುಗಿದ ಬೆಟ್ಟ. ಇಲ್ಲಿ ಅಂಥದ್ದೇನೂ ಇಲ್ಲ. ಬಟ್ಟೆಯಲ್ಲಿ ಸುತ್ತಿದ ಕೂಸು ಯಾವ ಊರಲ್ಲಿಲ್ಲ? ಗೋದಲಿ ಒಂದೇ ಬೇರೆ. ಅದೂ ಮಹಿಮೆಗಾಗಿ ಆರಿಸಿದ ಜಾಗವಲ್ಲ, ತಂಗುವ ಮನೆಯಲ್ಲಿ ಎಡೆ ಸಿಗದೆ ಹೋದದ್ದರಿಂದ ಒದಗಿದ ಜಾಗ.

ಚಿಕ್ಕಂದಿನಿಂದ ಕ್ರಿಸ್ಮಸ್ ನಡುರಾತ್ರಿಯ ಬಲಿಪೂಜೆಯಲ್ಲಿ ಈ ಭಾಗವನ್ನು ಓದುವುದನ್ನು ಕೇಳುತ್ತ ಬಂದಿದ್ದೇನೆ. ಕೇಳಿದಷ್ಟೂ ನನ್ನನ್ನು ಹಿಡಿದು ನಿಲ್ಲಿಸುವುದು ಈ ಗುರುತೇ. ಮನುಷ್ಯ ದೇವರ ಬಳಿ ಹೋಗುವುದು ಸಾಮಾನ್ಯವಾಗಿ ಏನನ್ನಾದರೂ ಬೇಡಲು. ಕಷ್ಟ ಕಳೆಯುವ ಶಕ್ತಿಯೊಂದು ಅಲ್ಲಿದೆ ಎಂಬ ನಂಬಿಕೆಯಿಂದ. ಆ ರಾತ್ರಿ ಓಡೋಡಿ ಹೋದವರಿಗೆ ಸಿಕ್ಕಿದ್ದು ತಮ್ಮ ಕಷ್ಟ ಕಳೆಯುವ ಶಕ್ತಿಯಲ್ಲ. ಯಾರಾದರೂ ಎತ್ತಿಕೊಳ್ಳದಿದ್ದರೆ ಬದುಕಲಾರದ ಒಂದು ಜೀವ. ದೇವರು ಮನುಷ್ಯನಾದ ಎಂದು ಕ್ರೈಸ್ತರು ಹೇಳುವಾಗ ಹೇಳುವುದು ಮೊದಲು ಇದನ್ನೇ: ಕೊಡುವವನು ಬೇಡುವವನಾದ. ಕ್ರಿಸ್ಮಸ್ ಹಬ್ಬ ಎಲ್ಲ ಮನುಷ್ಯರಿಗೂ ಸೇರಿದ್ದು ಎಂಬ ಮಾತಿಗೆ ಏನಾದರೂ ಅರ್ಥವಿದ್ದರೆ ಅದು ಇಲ್ಲಿಂದ ಹೊರಡಬೇಕು ಎಂದು ನನಗನಿಸುತ್ತದೆ. ಏಕೆಂದರೆ ನಂಬಿಕೆ, ಭಾಷೆ, ಜಾತಿ, ದೇಶ ಯಾವುದೇ ಇರಲಿ, ಇನ್ನೊಬ್ಬರ ಕೈಯಲ್ಲಿ ಬದುಕು ಶುರುಮಾಡದ ಮನುಷ್ಯ ಒಬ್ಬನೂ ಇಲ್ಲ.

ಲೂಕ ಈ ಕಥೆಗೆ ಆಯ್ದುಕೊಂಡ ಹಿನ್ನೆಲೆಯನ್ನು ಗಮನಿಸಬೇಕು. ಅವನು ಶುರುಮಾಡುವುದು ಚಕ್ರವರ್ತಿ ಔಗುಸ್ತನ ಹೆಸರಿನಿಂದ, ಅವನ ಜನಗಣತಿಯ ಆಜ್ಞೆಯಿಂದ. ಆ ಕಾಲದ ರೋಮ್ ಸಾಮ್ರಾಜ್ಯದಲ್ಲಿ ಔಗುಸ್ತನದೇ ಒಂದು ಶುಭಸಂದೇಶವಿತ್ತು. ಏಷ್ಯಾ ಮೈನರಿನ ಪ್ರಿಯೆನೆ ಎಂಬ ಊರಿನಲ್ಲಿ ಸಿಕ್ಕಿದ, ಕ್ರಿಸ್ತಪೂರ್ವ 9ರ ಶಾಸನವೊಂದು ಔಗುಸ್ತನನ್ನು ದೇವರೆಂದು ಕರೆದು, ಅವನ ಹುಟ್ಟಿದ ದಿನವೇ ಲೋಕಕ್ಕೆ ಶುಭವಾರ್ತೆಯ ಆರಂಭ ಎಂದು ಸಾರುತ್ತದೆ. ಆ ದಿನದಿಂದಲೇ ಹೊಸ ವರ್ಷ ಎಣಿಸಬೇಕೆಂದು ಆ ಪ್ರಾಂತ್ಯದವರು ತೀರ್ಮಾನಿಸಿದ್ದರು. ಅವನ ನಾಣ್ಯಗಳು ಅವನನ್ನು ದೈವತ್ವಕ್ಕೇರಿದವನ ಮಗನೆಂದು ಕರೆದವು. ಇಂಥ ಲೋಕದಲ್ಲಿ ನಿಂತು, ಉದ್ಧಾರಕ, ಶುಭವಾರ್ತೆ, ಶಾಂತಿ ಎಂಬ ಅವೇ ಮಾತುಗಳನ್ನು ಎತ್ತಿ, ಲೂಕ ಒಂದು ಗೋದಲಿಯ ಪಕ್ಕ ಇಟ್ಟ. ಮೇಲಕ್ಕೇರಿ ದೇವರಾದ ಮನುಷ್ಯನೊಬ್ಬ ಒಂದು ಕಡೆ. ಕೆಳಗಿಳಿದು ಮನುಷ್ಯನಾದ ದೇವರು ಇನ್ನೊಂದು ಕಡೆ. ಮೊದಲನೆಯವನಿಗೆ ಜನ ಲೆಕ್ಕಕ್ಕೆ ಬೇಕಾಗಿದ್ದರು. ಎರಡನೆಯವನಿಗೆ ಹಾಲಿಗೆ, ಬೆಚ್ಚನೆಯ ಬಟ್ಟೆಗೆ, ತೋಳಿಗೆ ಬೇಕಾಗಿದ್ದರು.

ಈ ಎರಡನೆಯದನ್ನು ನಂಬುವುದು ಸುಲಭವಾಗಿರಲಿಲ್ಲ. ಹೊರಗಿನವರಿಗಿರಲಿ, ಕ್ರಿಸ್ತನನ್ನು ಒಪ್ಪಿದವರಿಗೇ ಅದು ಕಷ್ಟವಾಯಿತು. ಅವನ ದೇಹ ತೋರಿಕೆಗೆ ಮಾತ್ರ ದೇಹ, ನಿಜವಾಗಿ ಅವನು ಹಸಿಯಲಿಲ್ಲ, ನೋಯಲಿಲ್ಲ ಎಂದು ವಾದಿಸಿದವರು ಮೊದಲ ಶತಮಾನಗಳಲ್ಲೇ ಇದ್ದರು. 2ನೆಯ ಶತಮಾನದ ಮಾರ್ಸಿಯಾನ್ ಎಂಬಾತ ಲೂಕನ ಶುಭಸಂದೇಶದಿಂದ ಹುಟ್ಟಿನ ಕಥೆಯನ್ನೇ ತೆಗೆದುಹಾಕಿದ. ಅವನ ಪುಸ್ತಕದಲ್ಲಿ ಕ್ರಿಸ್ತ ತಿಬೇರಿಯಸ್ ಚಕ್ರವರ್ತಿಯ ಹದಿನೈದನೆಯ ವರ್ಷದಲ್ಲಿ ಬೆಳೆದ ಗಂಡಸಾಗಿಯೇ ಕಾಣಿಸಿಕೊಳ್ಳುತ್ತಾನೆ. ಬಸಿರಿಲ್ಲ, ಹೆರಿಗೆಯಿಲ್ಲ, ಎದೆಹಾಲಿಲ್ಲ. ಪವಿತ್ರವಾದದ್ದು ರಕ್ತ, ನೀರು, ಮಲಮೂತ್ರಗಳ ನಡುವಿನಿಂದ ಬರುವುದೆಂದರೇನು ಎಂಬ ಅಸಹ್ಯ ಇದರ ಹಿಂದಿತ್ತು. ಇದಕ್ಕೆ ಕಾರ್ಥೇಜಿನ ತೆರ್ತುಲ್ಲಿಯನ್ ಬರೆದ ಉತ್ತರ ಇಂದಿಗೂ ಮೈ ನಡುಗಿಸುತ್ತದೆ. ಅವನು ಹೆರಿಗೆಯ ಅಸಹ್ಯವನ್ನು ಮುಚ್ಚಿಡಲಿಲ್ಲ, ಒಂದೊಂದಾಗಿ ಎಣಿಸಿದ. ಆಮೇಲೆ ಅವನು ಹೇಳಿದ್ದರ ಸಾರ ಇಷ್ಟು: ಕ್ರಿಸ್ತ ಪ್ರೀತಿಸಿದ್ದು ಹೀಗೆ ಹುಟ್ಟುವ ಮನುಷ್ಯನನ್ನೇ, ಮನುಷ್ಯನನ್ನು ಪ್ರೀತಿಸಿ ಅವನು ಹುಟ್ಟುವ ರೀತಿಯನ್ನು ಹೇಸುವುದು ಸಾಧ್ಯವಿಲ್ಲ.

325ರಲ್ಲಿ ನೈಸಿಯಾದಲ್ಲಿ ಸೇರಿದ ಧರ್ಮಾಧ್ಯಕ್ಷರು, ಹುಟ್ಟಿದವನು ದೇವರೇ, ದೇವರಿಗಿಂತ ಒಂದು ಮೆಟ್ಟಿಲು ಕೆಳಗಿನವನಲ್ಲ ಎಂದು ಸಾರಿದರು. ಅದೇ ಶತಮಾನದ ನಜಿಯಾನ್ಸಿನ ಗ್ರೆಗೊರಿ ಇನ್ನೊಂದು ಕಡೆಯನ್ನು ಭದ್ರಪಡಿಸಿದ: ಮನುಷ್ಯನಲ್ಲಿರುವ ಯಾವುದನ್ನು ಕ್ರಿಸ್ತ ತನ್ನದಾಗಿ ತೆಗೆದುಕೊಳ್ಳಲಿಲ್ಲವೋ ಅದು ವಾಸಿಯಾಗದೆ ಉಳಿಯುತ್ತದೆ ಎಂಬುದು ಅವನ ವಾದ. ಈ ವಾದಗಳನ್ನು ಪಂಡಿತರ ಜಗಳವೆಂದು ದಾಟಿ ಹೋಗಬಹುದು. ಆದರೆ ಅವುಗಳ ಒಳಗಿರುವ ಪ್ರಶ್ನೆ ಪ್ರತಿ ಮನೆಯದು. ಇನ್ನೊಬ್ಬರ ಕೈಯಿಂದ ಉಣ್ಣಬೇಕಾದ, ಇನ್ನೊಬ್ಬರು ತೊಳೆಯಬೇಕಾದ ಮೈಯಲ್ಲಿ ಘನತೆ ಇದೆಯೇ?

ಈ ಪ್ರಶ್ನೆ ನನ್ನ ಮನೆಗೆ ಬಂದದ್ದು ಅಮ್ಮ ಹಾಸಿಗೆ ಹಿಡಿದಾಗ. ಪಾರ್ಶ್ವವಾಯು ಅವರ ಬಲಗೈ, ಬಲಗಾಲನ್ನು ಕಸಿದುಕೊಂಡಿತ್ತು. ಊರಿನಲ್ಲಿ ಬಾಣಂತಿ ಇದ್ದ ಮನೆಗೆ ಕರೆಯದೆ ಹೋಗಿ ಎಣ್ಣೆನೀರು ಹಾಕಿ ಬರುತ್ತಿದ್ದ ಹೆಂಗಸು ಅವರು. ಸತ್ತವರ ಮೈ ತೊಳೆಯಲು ಯಾರೂ ಮುಂದೆ ಬಾರದಾಗ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದವರು. ಜೀವನವಿಡೀ ಕೈನೀಡಿ ಕೊಟ್ಟ ಅಮ್ಮನಿಗೆ ತೆಗೆದುಕೊಳ್ಳುವುದು ಮಾತ್ರ ಬರಲಿಲ್ಲ. ಚಮಚದಲ್ಲಿ ಗಂಜಿ ಹಿಡಿದರೆ ಮುಖ ಗೋಡೆಯತ್ತ ತಿರುಗುತ್ತಿತ್ತು. ಬಟ್ಟೆ ಬದಲಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನೋವಿಗಿಂತ ನಾಚಿಕೆ ಅವರನ್ನು ಹೆಚ್ಚು ತಿನ್ನುತ್ತಿತ್ತು.

ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು. ನಮ್ಮ ದೇವಾಲಯದವಳಲ್ಲ, ನಮ್ಮ ಧರ್ಮದವಳೂ ಅಲ್ಲ. ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಒಂದು ಬೆಳಿಗ್ಗೆ ಅವಳು ಅಮ್ಮನ ಮೈ ಒರೆಸುತ್ತಿದ್ದಳು. ಅಮ್ಮ ಮೆಲ್ಲಗೆ ಹೇಳಿದರು, "ನಿನ್ ಕೈಲಿ ಇಂಥಾ ಕೆಲಸ ಮಾಡಿಸ್ಕೊಳ್ಳೋ ಹಂಗಾಯ್ತಲ್ಲವ್ವ."

"ಬುಡಿ ಅಮ್ಮಾ," ಅಂದಳು ಅವಳು. "ಎಳೇ ಕೂಸಿಗೆ ಮಾಡುವಾಗ ಯಾರಾದ್ರೂ ಅಸಹ್ಯ ಪಟ್ಕೋತಾರಾ?"

"ಕೂಸಾದ್ರೆ ನಾಳೆ ಎದ್ದು ಓಡಾಡ್ತದೆ. ನಾನು ಎಲ್ಲಿಗೆ ಓಡ್ಲವ್ವ?"

ಅವಳು ಉತ್ತರ ಕೊಡಲಿಲ್ಲ. ಒರೆಸುವುದನ್ನೂ ನಿಲ್ಲಿಸಲಿಲ್ಲ.

ಅಮ್ಮನ ಮಾತು ನನ್ನಲ್ಲಿ ಉಳಿಯಿತು. ಗೋದಲಿಯ ಕೂಸನ್ನು ನೋಡಿ ಹಿಗ್ಗುವುದು ಸುಲಭ, ಏಕೆಂದರೆ ಕೂಸಿನ ಅಸಹಾಯಕತೆಯ ಬೆನ್ನಿಗೆ ಭವಿಷ್ಯವಿದೆ. ಅದು ನಾಳೆ ನಗುತ್ತದೆ, ನಾಡಿದ್ದು ನಡೆಯುತ್ತದೆ. ಮುದುಕಿಯ ಅಸಹಾಯಕತೆಗೆ ಅಂಥ ಬೆನ್ನಾಸರೆ ಇಲ್ಲ. ದೇವರು ಕೂಸಾಗಿದ್ದು ನಿಜವಾದರೆ, ಕೂಸಿನ ಮುದ್ದುತನವನ್ನಷ್ಟೇ ಅವನು ತನ್ನದಾಗಿಸಿಕೊಂಡನೇ? ಗುಣವಾಗದವರ, ಇನ್ನು ಏಳದವರ ಪಾಲಿಗೆ ಕ್ರಿಸ್ಮಸ್ ಏನು ಹೇಳುತ್ತದೆ? ಗ್ರೆಗೊರಿಯ ಮಾತನ್ನು ಹಿಡಿದು ಕೇಳುವುದಾದರೆ, ಅಮ್ಮನ ಆ ನಾಚಿಕೆಯನ್ನು ದೇವರು ತನ್ನದಾಗಿ ತೆಗೆದುಕೊಂಡನೇ?

ಈ ಪ್ರಶ್ನೆ ಇಟ್ಟುಕೊಂಡು ಲೂಕನನ್ನು ಮತ್ತೆ ಓದಿದರೆ, ಹುಟ್ಟಿನ ಕಥೆ ಹುಟ್ಟಿನಲ್ಲೇ ಮುಗಿಯುವುದಿಲ್ಲ ಎಂಬುದು ಕಾಣುತ್ತದೆ. ಆರಂಭದಲ್ಲಿ ಮರಿಯಮ್ಮ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸುತ್ತಾಳೆ. ಕೊನೆಯಲ್ಲಿ ಅರಿಮತಾಯದ ಜೋಸೆಫ್ ಎಂಬಾತ ಆತನ ದೇಹವನ್ನು ಶಿಲುಬೆಯಿಂದ ಇಳಿಸಿ, ನಾರುಬಟ್ಟೆಯಲ್ಲಿ ಸುತ್ತಿ, ಬಂಡೆಯಲ್ಲಿ ಕೊರೆದ ಸಮಾಧಿಯಲ್ಲಿ ಇಡುತ್ತಾನೆ. ಸುತ್ತುವುದು, ಮಲಗಿಸುವುದು: ಎರಡೂ ತುದಿಯಲ್ಲಿ ಅದೇ ಕೆಲಸ, ಎರಡೂ ಕಡೆ ಬೇರೆಯವರ ಕೈ. ಪೂರ್ವದೇಶದ ಆರ್ಥೊಡಾಕ್ಸ್ ಸಭೆಗಳ ಚಿತ್ರಕಾರರು ಇದನ್ನು ಬಹು ಹಿಂದೆಯೇ ಕಂಡಿದ್ದರು. ಅವರು ಬರೆದ ಕ್ರಿಸ್ತಜನನದ ಚಿತ್ರಗಳಲ್ಲಿ ಗವಿ ಕಪ್ಪಾಗಿರುತ್ತದೆ. ಗೋದಲಿ ಕಲ್ಲಿನ ಶವಪೆಟ್ಟಿಗೆಯ ಆಕಾರದಲ್ಲಿರುತ್ತದೆ. ಕೂಸಿನ ಬಟ್ಟೆ ಹೆಣಕ್ಕೆ ಸುತ್ತುವ ಬಟ್ಟೆಯ ಹಾಗೆಯೇ ಇರುತ್ತದೆ. ಹಬ್ಬದ ಚಿತ್ರಕ್ಕೆ ಇದು ಕಠೋರ ಎನಿಸಬಹುದು. ಹಾಸಿಗೆ ಹಿಡಿದವರ ಪಕ್ಕದಲ್ಲಿ ಕುಳಿತವರಿಗೆ ಹಾಗೆ ಅನಿಸುವುದಿಲ್ಲ. ಬೆಳೆಯುವ ಅಸಹಾಯಕತೆಯನ್ನೂ ಮುಗಿಯುವ ಅಸಹಾಯಕತೆಯನ್ನೂ ಒಬ್ಬನೇ ಹೊತ್ತ ಎಂದು ಆ ಚಿತ್ರ ಹೇಳುತ್ತದೆ.

ಆ ಎರಡು ತುದಿಗಳ ನಡುವಿನ ಬದುಕೂ ಹಾಗೆಯೇ ಸಾಗಿತು. ಯೇಸು ಎಂದೊಡನೆ ನಮಗೆ ನೆನಪಾಗುವುದು ಅವನು ಕೊಟ್ಟದ್ದು: ಕುರುಡನಿಗೆ ಕಣ್ಣು, ಹಸಿದವರಿಗೆ ರೊಟ್ಟಿ. ಅವನು ಪಡೆದದ್ದನ್ನೂ ಶುಭಸಂದೇಶಗಳು ಅಷ್ಟೇ ಜತನದಿಂದ ಬರೆದಿಟ್ಟಿವೆ. ಊರೂರು ತಿರುಗುವಾಗ ಅವನನ್ನೂ ಶಿಷ್ಯರನ್ನೂ ಕೆಲವು ಹೆಂಗಸರು ತಮ್ಮ ಸ್ವಂತ ಗಂಟಿನಿಂದ ಸಾಕಿದರು. ಬಾವಿಯ ಬಳಿ ದಣಿದು ಕುಳಿತು, ತನ್ನ ಜನ ದೂರವಿಟ್ಟಿದ್ದ ಸಮಾರ್ಯದ ಹೆಂಗಸಿನ ಬಳಿ ಕುಡಿಯಲು ನೀರು ಕೇಳಿದ. ಬೆಥಾನಿಯಲ್ಲಿ ಹೆಂಗಸೊಬ್ಬಳು ಬೆಲೆಬಾಳುವ ಸುಗಂಧ ತೈಲ ಸುರಿದಾಗ, ಹಣ ಹಾಳಾಯಿತೆಂದು ಗೊಣಗಿದವರನ್ನು ಸುಮ್ಮನಿರಿಸಿ ಅದನ್ನು ಸ್ವೀಕರಿಸಿದ. ಶಿಲುಬೆಯನ್ನು ತಾನೊಬ್ಬನೇ ಹೊರಲಾರದೆ ಹೋದಾಗ ಸಿರೇನಿನ ಸಿಮೋನ ಹೆಗಲು ಕೊಟ್ಟ. ಬಾಯಾರಿಕೆಯಾಗಿದೆ ಎಂಬುದು ಅವನ ಕೊನೆಯ ಮಾತುಗಳಲ್ಲಿ ಒಂದು.

ಇವೆಲ್ಲದರಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಜಕ್ಕಾಯನ ಕಥೆ. ಜೆರಿಕೊ ಊರಿನ ಸುಂಕದವರ ಮುಖ್ಯಸ್ಥ, ಹಣವಂತ, ಊರಿಗೆಲ್ಲ ಬೇಡವಾದವನು. ಯೇಸುವನ್ನು ನೋಡಲು ಅತ್ತಿಮರ ಹತ್ತಿದ್ದ. ಯೇಸು ಅವನಿಗೆ ಉಪದೇಶ ಮಾಡಲಿಲ್ಲ, ಅವನ ಪಾಪವನ್ನು ಎತ್ತಿ ಆಡಲಿಲ್ಲ. ಇವತ್ತು ನಿನ್ನ ಮನೆಯಲ್ಲಿ ಉಳಿದುಕೊಳ್ಳಬೇಕು ಎಂದ. ಅಷ್ಟಕ್ಕೇ ಆ ಮನುಷ್ಯ ತನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ ಎಂದು ಎದ್ದು ನಿಂತ. ಊರು ಇಡೀ ಬಯ್ದು ತಿದ್ದಲಾಗದವನನ್ನು ಒಂದು ರಾತ್ರಿಯ ತಂಗುದಾಣ ಕೇಳಿದ ಮಾತು ತಿದ್ದಿತು. ಇನ್ನೊಬ್ಬನ ಬಳಿ ಕೇಳುವುದೆಂದರೆ, ನಿನ್ನಲ್ಲಿ ಕೊಡುವಂಥದ್ದು ಇದೆ ಎಂದು ಅವನಿಗೆ ತಿಳಿಸಿಕೊಡುವುದು. ದೇವರು ಕೂಸಾಗಿ ಬಂದು ಮನುಷ್ಯಕುಲಕ್ಕೆ ತಿಳಿಸಿಕೊಟ್ಟದ್ದೂ ಇದನ್ನೇ ಇರಬೇಕು.

ದೇವರನ್ನು ಮಡಿಲಲ್ಲಿ ಕಾಣುವುದು ಕನ್ನಡಿಗರಿಗೆ ಹೊಸದಲ್ಲ. ಪುರಂದರದಾಸರು ಜಗದೊಡೆಯನನ್ನು ಯಶೋದೆಯ ಮಡಿಲಿಗಿಟ್ಟು ಹಾಡಿ ಐದು ಶತಮಾನ ಕಳೆಯುತ್ತ ಬಂದಿದೆ. ಆ ಹಾಡು ಕೇಳಿ ಕಣ್ಣು ಒದ್ದೆಯಾಗದ ಮನೆ ನಮ್ಮ ನಾಡಿನಲ್ಲಿ ಅಪರೂಪ. ಆ ಭಾವದ ನೆರಳಿನಲ್ಲಿ ಬೆಳೆದವರಿಗೆ ಬೆತ್ಲೆಹೇಮಿನ ಕೂಸು ಪರಕೀಯವಾಗಿ ಕಾಣುವುದಿಲ್ಲ. ಎರಡು ಕಥೆಗಳೂ ಒಂದು ಕಡೆ ಕೈಹಿಡಿದು, ಇನ್ನೊಂದು ಕಡೆ ಬೇರೆ ದಾರಿ ಹಿಡಿಯುತ್ತವೆ. ಮಣ್ಣು ತಿಂದ ಕೃಷ್ಣ ಬಾಯಿ ತೆರೆದಾಗ ಯಶೋದೆ ಕಂಡದ್ದು ಬ್ರಹ್ಮಾಂಡ. ಮರಿಯಮ್ಮ ತನ್ನ ಕೂಸಿನ ಬಾಯಲ್ಲಿ ಕಂಡದ್ದು ಹಸಿವು. ಒಂದರಲ್ಲಿ ಚಿಕ್ಕದರೊಳಗೆ ಅಡಗಿದ ದೊಡ್ಡದು ಹೊರಗಿಣುಕಿ ಭಕ್ತಳನ್ನು ಬೆರಗಾಗಿಸುತ್ತದೆ. ಇನ್ನೊಂದರಲ್ಲಿ ದೊಡ್ಡದು ಎಲ್ಲೂ ಇಣುಕುವುದಿಲ್ಲ; ಚಿಕ್ಕದಾಗಿಯೇ ಉಳಿಯುತ್ತದೆ. ಎರಡರ ಬೆರಗೂ ನಿಜ. ಅಮ್ಮನ ಹಾಸಿಗೆಯ ಪಕ್ಕದಲ್ಲಿ ನನಗೆ ಬೇಕಾಗಿದ್ದದ್ದು ಎರಡನೆಯದು.

ಅಸ್ಸಿಸಿಯ ಸಂತ ಫ್ರಾನ್ಸಿಸರಿಗೂ ಬೇಕಾಗಿದ್ದದ್ದು ಅದೇ. 1223ರಲ್ಲಿ, ಸಾಯುವುದಕ್ಕೆ ಮೂರು ವರ್ಷ ಮೊದಲು, ಅವರು ಇಟಲಿಯ ಗ್ರೆಚ್ಚಿಯೊ ಎಂಬ ಬೆಟ್ಟದೂರಿನಲ್ಲಿ ಕ್ರಿಸ್ಮಸ್ ಆಚರಿಸಿದರು. ಗೋದಲಿಗೆ ಹುಲ್ಲು ತರಿಸಿದರು, ಒಂದು ಎತ್ತು, ಒಂದು ಕತ್ತೆ ತರಿಸಿದರು. ಆ ಕೂಸು ಪಟ್ಟ ಕೊರತೆಯ ಕಷ್ಟವನ್ನು ತಮ್ಮ ಮೈಯ ಕಣ್ಣುಗಳಿಂದಲೇ ನೋಡಬೇಕು ಎಂಬುದು ಅವರ ಆಸೆ ಎಂದು ಅವರ ಚರಿತ್ರೆ ಬರೆದ ಚೆಲಾನೊದ ಥಾಮಸ್ ಹೇಳುತ್ತಾನೆ. ನೋಡಲು ಬಂದವರು ಹಳ್ಳಿಯ ಗಂಡಸರು, ಹೆಂಗಸರು, ಕೈಯಲ್ಲಿ ದೀವಟಿಗೆ ಹಿಡಿದವರು. ಇಂದು ನಮ್ಮ ಮಂಗಳೂರಿನಿಂದ ಮೈಸೂರಿನವರೆಗೆ ಮನೆಮನೆಯ ಮೂಲೆಯಲ್ಲಿ ಕಟ್ಟುವ ಗೋದಲಿಗೆ ಆ ರಾತ್ರಿಯೊಡನೆ ನಂಟಿದೆ. ಇದೇ ಫ್ರಾನ್ಸಿಸ್ ನಾಲ್ಕು ವರ್ಷ ಮೊದಲು, 1219ರಲ್ಲಿ, ಧರ್ಮಯುದ್ಧದ ನಡುವೆ ಆಯುಧವಿಲ್ಲದೆ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್‌ನ ಪಾಳೆಯಕ್ಕೆ ನಡೆದು ಹೋಗಿದ್ದರು. ಸುಲ್ತಾನ ಅವರನ್ನು ಕೊಲ್ಲಬಹುದಿತ್ತು. ಆದರಿಸಿ ಕಳುಹಿಸಿದ. ಹಗೆಯೆಂದು ಹೆಸರಾದವನ ಔದಾರ್ಯದ ಕೈಗೆ ತನ್ನ ಜೀವವನ್ನು ಒಪ್ಪಿಸಿ ಬಂದ ಮನುಷ್ಯನಿಗೆ ಗೋದಲಿ ಅರ್ಥವಾದದ್ದರಲ್ಲಿ ನನಗೆ ಅಚ್ಚರಿಯಿಲ್ಲ.

ಕೆಳಗಿಳಿದು ಬರುವುದಕ್ಕೂ ಮೇಲಿನಿಂದ ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ಬಾಳಿ ತೋರಿಸಿದವರು ಬೆಲ್ಜಿಯಂನ ಫಾದರ್ ದಾಮಿಯನ್. 1873ರಲ್ಲಿ ಅವರು ಹವಾಯಿ ದ್ವೀಪಗಳಲ್ಲಿ ಒಂದಾದ ಮೊಲೊಕಾಯ್‌ಗೆ ಹೋದರು. ಕುಷ್ಠರೋಗ ತಗಲಿದವರನ್ನು ಸರ್ಕಾರ ಮನೆಯವರಿಂದ ಕಿತ್ತು ತಂದು ಬಿಡುತ್ತಿದ್ದ ಜಾಗ ಅದು. ಒಂದು ಕಡೆ ಕಡಿದಾದ ಬೆಟ್ಟ, ಮಿಕ್ಕ ಕಡೆ ಸಮುದ್ರ. ಹೋದ ವರ್ಷವೇ ಅಣ್ಣನಿಗೆ ಬರೆದ ಪತ್ರದಲ್ಲಿ, ಪ್ರಸಂಗ ಮಾಡುವಾಗ ತಾನು ಜನರನ್ನು ಸಹೋದರರೇ ಎಂದು ಕರೆಯದೆ, ನಾವು ಕುಷ್ಠರೋಗಿಗಳು ಎಂದೇ ಹೇಳುತ್ತೇನೆಂದು ತಿಳಿಸಿದರು. ರೋಗ ಅವರಿಗೆ ತಗಲಿದ್ದು ಪತ್ತೆಯಾಗಲು ಇನ್ನೂ ಹನ್ನೊಂದು ವರ್ಷವಿತ್ತು. ಮೈಗೆ ಬರುವ ಮೊದಲೇ ಮಾತಿಗೆ ಬಂದಿತ್ತು. ಮಾತಿಗೆ ಬರುವ ಮೊದಲೇ ಮನಸ್ಸಿಗೆ ಬಂದಿರಬೇಕು. ರೋಗಿಗಳೊಂದಿಗೆ ಒಂದೇ ಪಾತ್ರೆಯಿಂದ ಉಂಡರು, ಅವರ ಹುಣ್ಣು ಕಟ್ಟಿದರು, ಅವರ ಶವಪೆಟ್ಟಿಗೆಗಳನ್ನು ಕೈಯಾರೆ ಮಾಡಿದರು. 1889ರಲ್ಲಿ, 49ನೆಯ ವಯಸ್ಸಿನಲ್ಲಿ, ಅದೇ ರೋಗದಿಂದ ಸತ್ತರು. ಕೊನೆಯಲ್ಲಿ ಅವರನ್ನು ಆರೈಕೆ ಮಾಡಿದವರೂ ಇದ್ದರು. ಆರೈಕೆ ಮಾಡಲು ಹೋದವರು ಆರೈಕೆ ಪಡೆಯುವವರಾದರು. ಮನುಷ್ಯಾವತಾರದ ಬಗ್ಗೆ ನೈಸಿಯಾದ ಪಂಡಿತರು ಹುಡುಕಿದ ನುಡಿಯನ್ನು ಆ ಮನುಷ್ಯ ಒಂದೇ ಪದದಲ್ಲಿ ಆಡಿಬಿಟ್ಟ: ನಾವು.

ಅದೇ ಕಾಲದಲ್ಲಿ ನಮ್ಮ ಮಂಗಳೂರಿನ ಕಂಕನಾಡಿಯಲ್ಲೂ ಅಂಥ ಕೆಲಸವೊಂದು ನಡೆಯುತ್ತಿತ್ತು. ಜರ್ಮನ್ ಮೂಲದ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೊಂದು ಆಶ್ರಯ ಕಟ್ಟಿದರು. ಆ ಔಷಧಾಲಯ ಇಂದು ದೊಡ್ಡ ಆಸ್ಪತ್ರೆ. ಅಲ್ಲಿಗೆ ಬರುವ ರೋಗಿಯ ಧರ್ಮವನ್ನು ರೋಗ ಕೇಳುವುದಿಲ್ಲ. ಗಾಯ ಕಟ್ಟುವ ಕೈಯ ಧರ್ಮವನ್ನು ಗಾಯವೂ ಕೇಳುವುದಿಲ್ಲ.

ಹೀಗೆ ಹೇಳುವಾಗ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಕ್ರಿಸ್ತನನ್ನು ದೇವರೆಂದು ಒಪ್ಪದವರಿಗೆ ಈ ಕಥೆ ಏಕೆ ಸೇರಬೇಕು? ಎಲ್ಲರಿಗೂ ಸೇರಿದ್ದು ಎನ್ನುವುದು ಎಲ್ಲರನ್ನೂ ನಮ್ಮೊಳಗೆ ಎಳೆದುಕೊಳ್ಳುವ ಇನ್ನೊಂದು ಬಗೆಯಲ್ಲವೇ? ಇದಕ್ಕೆ ಉತ್ತರ ಗೋದಲಿಯ ಸುತ್ತ ನಿಂತವರಲ್ಲೇ ಇದೆ. ಕುರುಬರು ಆ ನೆಲದವರು. ಮತ್ತಾಯನ ಶುಭಸಂದೇಶ ಹೇಳುವ ಜ್ಞಾನಿಗಳು ಮೂಡಣ ದೇಶದವರು, ಬೇರೆ ಜನ, ನಕ್ಷತ್ರ ನೋಡಿ ದಾರಿ ಹಿಡಿದವರು. ತಮ್ಮ ವಿದ್ಯೆ ತೋರಿದ ದಾರಿಯಲ್ಲೇ ಅವರು ಬಂದರು, ಕಾಣಿಕೆ ಕೊಟ್ಟರು, ಬೇರೆ ದಾರಿಯಿಂದ ತಮ್ಮ ನಾಡಿಗೆ ಮರಳಿದರು. ನೀವು ಇನ್ನು ಮುಂದೆ ನಮ್ಮವರಾಗಿ ಇಲ್ಲೇ ಇರಿ ಎಂದು ಅವರನ್ನು ಯಾರೂ ಹಿಡಿಯಲಿಲ್ಲ. 614ರಲ್ಲಿ ಪರ್ಷಿಯದ ಸೇನೆ ಪ್ಯಾಲೆಸ್ಟೈನಿನ ಮೇಲೆ ದಂಡೆತ್ತಿ ಬಂದಾಗ ಬೆತ್ಲೆಹೇಮಿನ ಜನನ ದೇವಾಲಯ ಉಳಿದುಕೊಂಡಿತು. ಗೋಡೆಯ ಚಿತ್ರದಲ್ಲಿ ಆ ಜ್ಞಾನಿಗಳು ತೊಟ್ಟಿದ್ದ ಪರ್ಷಿಯದ ಉಡುಪನ್ನು ಕಂಡು ಸೈನಿಕರು ಕೈ ತಡೆದರು ಎಂಬ ಪ್ರತೀತಿ ಬಹಳ ಹಳೆಯದು. ಅನ್ಯರ ಗುಡಿಯಲ್ಲಿ ತಮ್ಮವರ ಮುಖ ಕಂಡದ್ದರಿಂದ ಗುಡಿ ಉಳಿಯಿತು ಎಂಬ ನೆನಪನ್ನು ಕ್ರೈಸ್ತರು ಕಾಪಾಡಿಕೊಂಡು ಬಂದಿದ್ದಾರೆ.

1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ದೇವಪುತ್ರ ತನ್ನ ಮನುಷ್ಯಾವತಾರದಿಂದ ಒಂದು ರೀತಿಯಲ್ಲಿ ಪ್ರತಿಯೊಬ್ಬ ಮನುಷ್ಯನೊಂದಿಗೂ ಒಂದಾದ ಎಂದು ಘೋಷಿಸಿತು. ಪ್ರತಿಯೊಬ್ಬ ಕ್ರೈಸ್ತನೊಂದಿಗೆ ಎಂದು ಅಲ್ಲಿ ಇಲ್ಲ. ಇದನ್ನು ಬೇರೆಯವರ ಮೇಲೆ ಹಕ್ಕು ಸ್ಥಾಪಿಸುವ ಮಾತು ಎಂದು ಓದಿದರೆ ಅದರ ದಿಕ್ಕೇ ತಪ್ಪುತ್ತದೆ. ಅದು ಹೇರುವುದು ಕ್ರೈಸ್ತರ ಮೇಲೆ ಹೊಣೆ: ಎದುರಿಗಿರುವ ಯಾವ ಮೈಯನ್ನೂ ಕಡೆಗಣಿಸುವ ಹಾಗಿಲ್ಲ. ಮತ್ತಾಯನ ಶುಭಸಂದೇಶದಲ್ಲಿ ಕೊನೆಯ ತೀರ್ಪಿನ ದಿನ ಅರಸ ಕೇಳುವುದು ಹಸಿದವರಿಗೆ ಉಣಲಿಟ್ಟಿರಾ, ಬೆತ್ತಲೆಯವರಿಗೆ ಉಡಲು ಕೊಟ್ಟಿರಾ, ರೋಗಿಗಳನ್ನು ನೋಡಲು ಹೋದಿರಾ ಎಂದು. ಹಾಗೆ ಮಾಡಿದವರು ಬೆರಗಾಗುತ್ತಾರೆ. ತಾವು ಮಾಡಿದ್ದು ಯಾರಿಗೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಅಮ್ಮನ ಮೈ ಒರೆಸುತ್ತಿದ್ದ ಹೆಂಗಸಿಗೆ ನಮ್ಮ ಶುಭಸಂದೇಶದ ಒಂದು ಸಾಲೂ ತಿಳಿದಿರಲಿಲ್ಲ. ಗೋದಲಿಗೆ ಅವಳಷ್ಟು ಹತ್ತಿರ ಹೋದವರನ್ನು ನಾನು ಕಂಡದ್ದು ಕಡಿಮೆ. ಕ್ರೈಸ್ತರಲ್ಲದ ಮಂಜೇಶ್ವರ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕನ್ನಡದಲ್ಲಿ 'ಗೊಲ್ಗೊಥಾ' ಎಂಬ ಕಾವ್ಯವಾಗಿಸಿದರು; ಆ ನೋವಿನ ಎದುರು ನಿಲ್ಲಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಹುಟ್ಟಿನ ಎದುರು ನಿಲ್ಲಲೂ ಯಾರಿಗೂ ಅಪ್ಪಣೆ ಬೇಡ.

ಈ ಕಥೆಯನ್ನು ಸಿಹಿ ಮಾಡಿ ಮುಗಿಸಲು ಮತ್ತಾಯ ಬಿಡುವುದಿಲ್ಲ. ಕೂಸಿನ ಹುಟ್ಟಿನ ಸುದ್ದಿ ಕೇಳಿ ಹೆದರಿದ ಅರಸ ಹೆರೋದ ಬೆತ್ಲೆಹೇಮಿನ ಗಂಡುಕೂಸುಗಳನ್ನು ಕೊಲ್ಲಿಸುತ್ತಾನೆ. ಅದಕ್ಕೆ ಮೊದಲೇ ತಂದೆತಾಯಿ ಕೂಸನ್ನು ಎತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಓಡುತ್ತಾರೆ. 2023ರ ಡಿಸೆಂಬರಿನಲ್ಲಿ ಬೆತ್ಲೆಹೇಮಿನ ಲೂಥರನ್ ಚರ್ಚಿನಲ್ಲಿ ಬಾಲಯೇಸುವನ್ನು ಒಡೆದ ಕಾಂಕ್ರೀಟಿನ ಚೂರುಗಳ ನಡುವೆ ಮಲಗಿಸಿದ್ದರು. ಗಾಜಾದ ಕಟ್ಟಡಗಳಡಿ ಸಿಲುಕಿದ ಮಕ್ಕಳ ನೆನಪಿಗೆ. ಆ ವರ್ಷ ಆ ಊರು ಬೀದಿಯ ಸಂಭ್ರಮವನ್ನು ಕೈಬಿಟ್ಟಿತ್ತು. ಆ ಮಕ್ಕಳಲ್ಲಿ ಬಹುಪಾಲು ಮುಸ್ಲಿಂ ಮನೆಗಳವರು. ಅವರಿಗೂ ಗೋದಲಿಯ ಕೂಸಿಗೂ ಏನು ಸಂಬಂಧ ಎಂದು ಆ ಸಭೆಯವರು ಕೇಳಲಿಲ್ಲ. ಮನುಷ್ಯಾವತಾರ ಎಲ್ಲರಿಗೂ ಎಂಬುದಕ್ಕೆ ನಾನು ಬಲ್ಲ ಅತ್ಯಂತ ನೇರವಾದ ವ್ಯಾಖ್ಯಾನ ಅದು. ದೇವರು ಒಂದು ಕೂಸಿನ ಮೈಯಲ್ಲಿ ಬಂದಿದ್ದರೆ, ಯಾವ ಕೂಸಿನ ಮೈಯೂ ಲೆಕ್ಕಕ್ಕಿಲ್ಲದ್ದಲ್ಲ. ಇದನ್ನು ಗೋದಲಿಯ ಮುಂದೆ ಒಪ್ಪಿ ಅವಶೇಷಗಳ ಮುಂದೆ ಮರೆತರೆ, ನಾವು ಆಚರಿಸುವುದು ಔಗುಸ್ತನ ಹಬ್ಬ.

ಆ ಬೆಳಗಿನ ನಂತರ ಅಮ್ಮ ಒಂದೇ ದಿನದಲ್ಲಿ ಬದಲಾದರು ಎಂದು ಹೇಳಲಾರೆ. ನಾಚಿಕೆ ಹಾಗೆ ಹೋಗುವಂಥದ್ದಲ್ಲ. ಆದರೆ ನಿಧಾನವಾಗಿ ಮುಖ ಗೋಡೆಯತ್ತ ತಿರುಗುವುದು ಕಡಿಮೆಯಾಯಿತು. ಗಂಜಿಗೆ ಉಪ್ಪು ಸಾಲದು ಎಂದು ಹೇಳತೊಡಗಿದರು. ಎಡಗಾಲು ಇನ್ನೊಂದಿಷ್ಟು ನೀವು ಎಂದು ಕೇಳತೊಡಗಿದರು. ಕೇಳುವುದು ಅವರಿಗೆ ಬಂದ ಮೇಲೆ ಮನೆಯೇ ಬೇರೆಯಾಯಿತು. ಅದುವರೆಗೆ ನಾವು ಅವರ ಸುತ್ತ ಕರ್ತವ್ಯ ಮಾಡುತ್ತಿದ್ದೆವು. ಆಮೇಲೆ ಅವರೊಂದಿಗೆ ಬದುಕತೊಡಗಿದೆವು. ಅಮ್ಮ ಜೀವಮಾನದಲ್ಲಿ ನಮಗೆ ಕೊಟ್ಟದ್ದು ಬಹಳ. ಕೊನೆಗೆ ಕೊಟ್ಟದ್ದು, ತಮ್ಮನ್ನು ನೋಡಿಕೊಳ್ಳಲು ನಮಗೆ ಬಿಟ್ಟದ್ದು. ಅದು ಎಲ್ಲಕ್ಕಿಂತ ದೊಡ್ಡದಾಗಿತ್ತು, ಏಕೆಂದರೆ ಅದಕ್ಕಾಗಿ ಅವರು ತಮ್ಮ ಹೆಮ್ಮೆಯನ್ನು ಬಿಟ್ಟುಕೊಟ್ಟಿದ್ದರು.

ನಾವು ಕ್ರಿಸ್ಮಸ್ಸನ್ನು ಕೊಡುವ ಹಬ್ಬವಾಗಿ ಚೆನ್ನಾಗಿ ಕಲಿತಿದ್ದೇವೆ. ಕರಾವಳಿಯಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆ, ಬಯಲುಸೀಮೆಯಲ್ಲಿ ಕರ್ಜಿಕಾಯಿ, ಕೇಕು, ಅಕ್ಕಪಕ್ಕದ ಎಲ್ಲ ಮನೆಗಳಿಗೆ. ಅದು ಒಳ್ಳೆಯದು, ನಡೆಯುತ್ತಲೇ ಇರಲಿ. ಆದರೆ ಕೊಡುವವರಾಗಿಯೇ ಉಳಿದವರು ಮೆಲ್ಲಮೆಲ್ಲನೆ ಎತ್ತರದಲ್ಲಿ ನಿಂತುಬಿಡುತ್ತಾರೆ. ಕೊಟ್ಟದ್ದರ ಲೆಕ್ಕ ಇಡುತ್ತಾರೆ. ಪಡೆದವರಿಂದ ನಮ್ರತೆ ಬಯಸುತ್ತಾರೆ. ಮನುಷ್ಯಾವತಾರ ಆ ಎತ್ತರವನ್ನು ಒಡೆಯುತ್ತದೆ. ಎಲ್ಲವನ್ನೂ ಕೊಡಬಲ್ಲವನೇ ಕೇಳುವವನಾಗಿ ಬಂದಿದ್ದಾನೆ ಎಂದು ನಂಬುವವರು, ಇನ್ನೊಬ್ಬರ ಬಳಿ ಕೇಳುವುದನ್ನು ಸಣ್ಣತನವೆಂದು ತಿಳಿಯಲಾರರು. ಪಕ್ಕದ ಮನೆಯವರ ಸಹಾಯ, ಬೇರೆ ಧರ್ಮದವರ ಅಡುಗೆ, ಬಡವರ ಸಲಹೆ, ಮಕ್ಕಳ ಕ್ಷಮೆ, ಇವನ್ನು ಕೇಳಿ ಪಡೆಯುವುದೂ ಈ ಹಬ್ಬದ ಆಚರಣೆಯೇ. ಕೊಡುವುದರಿಂದ ನಾವು ಒಳ್ಳೆಯವರಾಗಬಹುದು. ಬಂಧುಗಳಾಗುವುದು ಮಾತ್ರ ಒಬ್ಬರ ಕೈಯಿಂದ ಒಬ್ಬರು ಪಡೆದಾಗ. ಮನುಷ್ಯರಿಗೆ ಒಡೆಯನಾಗಿ ಇರಬಹುದಾಗಿದ್ದ ದೇವರು ಬಂಧುವಾಗಲು ಬಯಸಿದ. ಅದಕ್ಕೆ ಬೇರೆ ದಾರಿ ಇಲ್ಲವೆಂದು ಅವನಿಗೂ ಗೊತ್ತಿತ್ತು.